ಮಾದರಿ ರೈಲು ಲೇಔಟ್‌ಗೆ ಉರಿಯುವ ದೀಪ, ಕೆಲಸ ಮಾಡುವ ಸಿಗ್ನಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳಿ ಕೂತಿದೆ, ರೈಲು ಓಡುತ್ತಿದೆ, ಸ್ಟೇಷನ್, ಮನೆ, ಮರ ಎಲ್ಲ ಬಂದಿವೆ. ಕೋಣೆಯ ಲೈಟ್ ಆರಿಸಿದ ತಕ್ಷಣ ಅದೆಲ್ಲ ಮಾಯ. ಅಲ್ಲಿಗೆ ನಾಲ್ಕು ದೀಪ, ಎರಡು ಸಿಗ್ನಲ್ ಸೇರಿಸಿ ನೋಡಿ, ಊರಿಗೇ ಜೀವ ಬರುತ್ತದೆ. ಈ ಕೆಲಸಕ್ಕೆ ಇಳಿದವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಗಳು ಇವು. ಎಲೆಕ್ಟ್ರಾನಿಕ್ಸ್ ಓದಿರಬೇಕಿಲ್ಲ, ಭಾಗಾಕಾರ ಬಂದರೆ ಸಾಕು.

ಎಲ್ಲಿಂದ ಶುರು ಮಾಡಲಿ?

ಒಂದು ಮನೆಯಿಂದ. ಸಿಗ್ನಲ್ ಆಮೇಲೆ. 12 ವೋಲ್ಟ್ ಡಿಸಿ ಕೊಡುವ ಒಂದು ಅಡಾಪ್ಟರ್, ಒಂದು ವಾರ್ಮ್ ವೈಟ್ ಎಲ್‌ಇಡಿ, ಒಂದು ರೆಸಿಸ್ಟರ್, ಎರಡು ತುಂಡು ವೈರ್. ಇಷ್ಟನ್ನು ಮೇಜಿನ ಮೇಲೆ ಜೋಡಿಸಿ ಉರಿಸಿ. ಉರಿದ ಮೇಲೆ ಮನೆಯೊಳಗೆ ಕೂರಿಸಿ, ಕೋಣೆ ಕತ್ತಲು ಮಾಡಿ, ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂರಿ. ಬೆಳಕು ಜಾಸ್ತಿಯಾಯ್ತಾ, ಬಣ್ಣ ಸರಿಯಿದೆಯಾ, ಗೋಡೆಯಿಂದ ಬೆಳಕು ಸೋರುತ್ತಿದೆಯಾ, ಎಲ್ಲ ಆ ಒಂದು ಮನೆಯಲ್ಲೇ ಗೊತ್ತಾಗುತ್ತದೆ. ಮೂವತ್ತು ಮನೆಗೆ ವೈರ್ ಎಳೆದ ಮೇಲೆ ಗೊತ್ತಾದರೆ ಮೂವತ್ತನ್ನೂ ಬಿಚ್ಚಬೇಕು.

ಹಳಿಯಲ್ಲೇ ಕರೆಂಟ್ ಇದೆಯಲ್ವಾ, ಅದರಿಂದಲೇ ದೀಪ ಉರಿಸಬಾರದಾ?

ಬೇಡ. ಸಾಮಾನ್ಯ ಡಿಸಿ ಲೇಔಟ್‌ನಲ್ಲಿ ಹಳಿಯ ವೋಲ್ಟೇಜ್ ಅಂದರೆ ರೈಲಿನ ವೇಗ. ರೈಲು ನಿಧಾನವಾದರೆ ಊರಿನ ದೀಪವೂ ಮಂಕಾಗುತ್ತದೆ, ನಿಂತರೆ ಊರೇ ಕತ್ತಲು. ದಿಕ್ಕು ಬದಲಿಸಿದರೆ ಪ್ಲಸ್ ಮೈನಸ್ ಅದಲುಬದಲಾಗಿ ಎಲ್‌ಇಡಿ ಉರಿಯುವುದೇ ಇಲ್ಲ.

ಡಿಸಿಸಿ, ಅಂದರೆ ಹಳಿಯ ಮೂಲಕವೇ ಇಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ ಇದ್ದರೆ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ ನಿಜ, ಎಚ್‌ಒ ಅನ್ನುವ ಮಾದರಿ ಅಳತೆಯಲ್ಲಿ ಸುಮಾರು 14ರಿಂದ 16 ವೋಲ್ಟ್. ಆದರೆ ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಚೌಕ ಅಲೆ. ಸಾಮಾನ್ಯ ಎಲ್‌ಇಡಿ ತಡೆಯುವ ಉಲ್ಟಾ ವೋಲ್ಟೇಜ್ ಬರೀ 5 ವೋಲ್ಟ್ ಆಸುಪಾಸು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ ಕಾಪಾಡಬಹುದು. ಆದರೂ ಬೂಸ್ಟರ್ (ಹಳಿಗೆ ಕರೆಂಟ್ ತುಂಬುವ ಪೆಟ್ಟಿಗೆ) ಕೊಡುವ ಆಂಪಿಯರ್ ಇಂಜಿನ್‌ಗಳಿಗೆ ಬೇಕಾದದ್ದು, ಅದನ್ನು ಬೀದಿ ದೀಪಕ್ಕೆ ಖರ್ಚು ಮಾಡುವುದು ಯಾಕೆ? ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಎಲ್ಲೋ ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆದಾಗ ಊರೆಲ್ಲ ಕತ್ತಲಾಗಬಾರದು. ದೀಪಕ್ಕೆ ಬೇರೆ ಅಡಾಪ್ಟರ್, ಬೇರೆ ವೈರ್. ಅದರ ಮೈನಸ್ಸನ್ನು ಹಳಿಯ ಯಾವ ವೈರಿಗೂ ಸೇರಿಸಬೇಡಿ.

ಬಲ್ಬಾ, ಎಲ್‌ಇಡಿನಾ?

ಎಲ್‌ಇಡಿ. ಹಳೇ ಗೋಧಿ ಕಾಳಿನಷ್ಟು ಚಿಕ್ಕ ಬಲ್ಬ್‌ಗಳ ಬೆಳಕಿನ ಬಣ್ಣ ಚೆಂದ, ಆದರೆ ಒಂದೊಂದೂ ಹತ್ತಾರು ಮಿಲಿಆಂಪ್ ತಿನ್ನುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಗೋಡೆಗೆ ತಾಗಿದರೆ ಕರಗಿಸುತ್ತದೆ, ಒಂದು ದಿನ ಸುಟ್ಟೂ ಹೋಗುತ್ತದೆ. ಈಗಾಗಲೇ ಬಲ್ಬ್ ಇರುವ ಮನೆಗಳಿದ್ದರೆ ಬಿಸಾಡಬೇಡಿ. 12 ವೋಲ್ಟ್ ಬಲ್ಬನ್ನು 9 ವೋಲ್ಟ್‌ನಲ್ಲಿ ಉರಿಸಿ. ಬೆಳಕು ಹಳದಿಯಾಗಿ ಇನ್ನೂ ಚೆನ್ನಾಗಿ ಕಾಣುತ್ತದೆ, ಬಾಳಿಕೆಯೂ ತುಂಬಾ ಹೆಚ್ಚುತ್ತದೆ.

ರೆಸಿಸ್ಟರ್ ಯಾಕೆ ಬೇಕು, ಎಷ್ಟರದ್ದು ಹಾಕಲಿ?

ಎಲ್‌ಇಡಿಗೆ ತನ್ನ ಕರೆಂಟನ್ನು ತಾನೇ ಹಿಡಿದಿಡುವ ಶಕ್ತಿ ಇಲ್ಲ. ಬೇಕಾದ ವೋಲ್ಟೇಜ್ ದಾಟಿದ ಮೇಲೆ ಎಷ್ಟು ಕೊಟ್ಟರೂ ಎಳೆದುಕೊಂಡು ಸುಟ್ಟು ಹೋಗುತ್ತದೆ. ರೆಸಿಸ್ಟರ್ ಅದಕ್ಕೆ ಲಗಾಮು. 12 ವೋಲ್ಟ್‌ಗೆ ನೇರವಾಗಿ ಕೊಟ್ಟ ಎಲ್‌ಇಡಿ ಒಂದೇ ಕ್ಷಣ ಮಿಂಚಿ ಆರುತ್ತದೆ, ಮತ್ತೆ ಉರಿಯುವುದಿಲ್ಲ.

ಲೆಕ್ಕ ಸುಲಭ. ಅಡಾಪ್ಟರ್ ವೋಲ್ಟೇಜಿನಿಂದ ಎಲ್‌ಇಡಿಯ ವೋಲ್ಟೇಜ್ ಕಳೆಯಿರಿ, ಬೇಕಾದ ಕರೆಂಟಿನಿಂದ ಭಾಗಿಸಿ. ಕೆಂಪು, ಹಳದಿ ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು. ಬಿಳಿ, ನೀಲಿ ಮತ್ತು ಈಗಿನ ಪ್ರಖರ ಹಸಿರಿಗೆ ಸುಮಾರು 3. ಬಿಳಿ ಎಲ್‌ಇಡಿ, 12 ವೋಲ್ಟ್ ಅಡಾಪ್ಟರ್, 10 ಮಿಲಿಆಂಪ್ ಅಂದುಕೊಳ್ಳಿ. 12ರಲ್ಲಿ 3 ಹೋದರೆ 9. ಅದನ್ನು 0.01ರಿಂದ ಭಾಗಿಸಿದರೆ 900 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1 ಕಿಲೋ ಓಮ್, ಅದನ್ನೇ ಹಾಕಿ. ಕಾಲು ವಾಟ್‌ನದು ಧಾರಾಳ ಸಾಕು, ಇಲ್ಲಿ ಅದರಲ್ಲಿ ಬಿಸಿಯಾಗುವುದು 0.1 ವಾಟ್ ಒಳಗೇ.

ಆದರೆ ಮನೆಯೊಳಗೆ 10 ಮಿಲಿಆಂಪ್ ಕೊಟ್ಟರೆ ಕಣ್ಣು ಕುಕ್ಕುತ್ತದೆ. ನಾನು ಮನೆಗಳಿಗೆ 4.7 ಕಿಲೋದಿಂದ 10 ಕಿಲೋವರೆಗೆ ಹಾಕುತ್ತೇನೆ, ಅಂದರೆ ಒಂದೆರಡು ಮಿಲಿಆಂಪ್ ಅಷ್ಟೇ. ಲೇಔಟ್ ದೀಪದಲ್ಲಿ ನಾವೆಲ್ಲ ಜಾಸ್ತಿ ಮಾಡುವ ತಪ್ಪು ಇದು, ಎಲ್ಲವನ್ನೂ ಪೂರ್ತಿ ಬೆಳಗಿಸುವುದು. ಮಂಕಾದ ದೀಪವೇ ನಿಜವಾದ ದೀಪದ ಹಾಗೆ ಕಾಣುವುದು.

ನಾಲ್ಕು ಎಲ್‌ಇಡಿಗೆ ಒಂದೇ ರೆಸಿಸ್ಟರ್ ಸಾಕಾ?

ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದರೆ ಸರಿ. 12 ವೋಲ್ಟ್‌ಗೆ ಮೂರು ಬಿಳಿ ಎಲ್‌ಇಡಿ ಸಾಲಾಗಿ ಹಿಡಿಸುತ್ತವೆ, 9 ವೋಲ್ಟ್ ಅವಕ್ಕೆ, ಉಳಿದ 3 ರೆಸಿಸ್ಟರ್‌ಗೆ. ನಾಲ್ಕು ಹಾಕಿದರೆ ರೆಸಿಸ್ಟರ್‌ಗೆ ಏನೂ ಉಳಿಯುವುದಿಲ್ಲ. ಅಕ್ಕಪಕ್ಕ ಜೋಡಿಸಿ ಎಲ್ಲದಕ್ಕೂ ಒಂದೇ ರೆಸಿಸ್ಟರ್ ಕೊಟ್ಟರೆ ತಪ್ಪು. ಯಾವುದರ ವೋಲ್ಟೇಜ್ ಒಂಚೂರು ಕಡಿಮೆಯೋ ಅದೇ ಕರೆಂಟೆಲ್ಲ ನುಂಗುತ್ತದೆ, ಪಕ್ಕದ್ದು ಮಂಕಾಗುತ್ತದೆ. ಕೆಂಪು, ಬಿಳಿ ಒಟ್ಟಿಗಿದ್ದರಂತೂ ಬಿಳಿ ಉರಿಯುವುದೇ ಇಲ್ಲ.

ಮನೆಗೆ ದೀಪ ಹಾಕಿದೆ, ಗೋಡೆಯೇ ಹೊಳೆಯುತ್ತಿದೆ. ಏನು ಮಾಡಲಿ?

ಪ್ಲಾಸ್ಟಿಕ್ ಗೋಡೆ ತೆಳು, ಬೆಳಕು ಅದರ ಮೂಲಕವೇ ದಾಟುತ್ತದೆ. ಒಳಗಡೆ ಮೊದಲು ಕಪ್ಪು ಬಣ್ಣ ಬಳಿಯಿರಿ. ಅದು ಒಣಗಿದ ಮೇಲೆ ಬಿಳಿಯೋ ಕೆನೆ ಬಣ್ಣವೋ ಇನ್ನೊಂದು ಕೈ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಕೋಣೆಯೊಳಗೆ ಹರಡುತ್ತದೆ. ಚಾವಣಿ ಮತ್ತು ಗೋಡೆ ಸೇರುವ ಜಾಗ, ಗೋಡೆ ಮತ್ತು ನೆಲ ಸೇರುವ ಜಾಗ ನೋಡಿ, ಬೆಳಕು ಸೋರುವುದು ಹೆಚ್ಚಾಗಿ ಅಲ್ಲೇ. ಕಪ್ಪು ಕಾಗದದ ಪಟ್ಟಿ ಅಂಟಿಸಿದರೆ ಮುಗಿಯಿತು.

ಎಲ್ಲಾ ಕಿಟಕಿಯಲ್ಲೂ ಬೆಳಕು ಬೇಡ. ಯಾವ ಊರಲ್ಲಿ ತಾನೇ ರಾತ್ರಿ ಪ್ರತಿ ಮನೆಯ ಪ್ರತಿ ಕೋಣೆಯೂ ಉರಿಯುತ್ತಿರುತ್ತದೆ? ರಟ್ಟಿನಿಂದ ಒಳಗೆ ಎರಡು ಮೂರು ಕೋಣೆ ಮಾಡಿ, ಒಂದರಲ್ಲಿ ಮಾತ್ರ ದೀಪ ಇಡಿ. ಒಂದು ಕಿಟಕಿ ಹಳದಿ, ಪಕ್ಕದ್ದು ಕತ್ತಲು. ಅಲ್ಲಿ ಯಾರೋ ಇದ್ದಾರೆ ಅನಿಸುವುದು ಆಗಲೇ.

ಬಣ್ಣದ ವಿಷಯಕ್ಕೆ ಬಂದರೆ ಮನೆಗೆ 2700ರಿಂದ 3000 ಕೆಲ್ವಿನ್‌ನ ವಾರ್ಮ್ ವೈಟ್ ತಗೊಳ್ಳಿ. 6000 ಕೆಲ್ವಿನ್‌ನ ಬಿಳಿ ನೀಲಿಯಾಗಿ ಕಾಣುತ್ತದೆ, ಅದು ಟ್ಯೂಬ್‌ಲೈಟ್ ಇರುವ ಕಾರ್ಖಾನೆ, ಕಚೇರಿಗೆ ಸರಿ. ಮನೆಯಲ್ಲಿ ಅದೇ ಇದ್ದರೆ ಎಲ್‌ಇಡಿ ಮೇಲೆ ಪಾರದರ್ಶಕ ಕಿತ್ತಳೆ ಬಣ್ಣ ತೆಳುವಾಗಿ ಹಚ್ಚಿ.

ಅಷ್ಟು ಚಿಕ್ಕ ಎಲ್‌ಇಡಿಗೆ ವೈರ್ ಹೇಗೆ ಹಚ್ಚುವುದು?

ಬೀದಿ ದೀಪ, ಸಿಗ್ನಲ್ ತಲೆ ಇಂಥವಕ್ಕೆ ಹಾಕುವ ಚಿಪ್ ಎಲ್‌ಇಡಿಗಳಲ್ಲಿ 0805 ಅಂದರೆ 2 ಮಿಲಿಮೀಟರ್ ಉದ್ದ, 0603 ಅಂದರೆ 1.6, 0402 ಅಂದರೆ ಬರೀ 1 ಮಿಲಿಮೀಟರ್. ಮೊದಲ ಸಲಕ್ಕೆ 0805 ತಗೊಳ್ಳಿ. ಅದನ್ನು ಎರಡೂ ಕಡೆ ಅಂಟಿರುವ ಟೇಪ್ ಮೇಲೆ ತಲೆಕೆಳಗಾಗಿ ಅಂಟಿಸಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ಲೇಪ) ಹಚ್ಚಿ, ತುದಿಗೆ ಮೊದಲೇ ಸೋಲ್ಡರ್ ಹಿಡಿಸಿದ ತೆಳು ಎನಾಮಲ್ ವೈರನ್ನು (ಮೇಲೆ ತೆಳು ನಿರೋಧಕ ಲೇಪ ಇರುವ ತಾಮ್ರದ ತಂತಿ) ಇಟ್ಟು ಬಿಸಿ ಸೋಲ್ಡರಿಂಗ್ ಐರನ್ ಒಂದು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಜಾಸ್ತಿ ಹೊತ್ತು ಹಿಡಿದರೆ ಎಲ್‌ಇಡಿ ಹೋಗುತ್ತದೆ. 0.1 ಮಿಲಿಮೀಟರ್ ದಪ್ಪದ ವೈರ್ ಕೂಡ ಇಷ್ಟು ಚಿಕ್ಕ ಕರೆಂಟನ್ನು ಆರಾಮಾಗಿ ಹೊರುತ್ತದೆ. ಕೈ ನಡುಗುವವರಿಗೆ ವೈರ್ ಹಚ್ಚಿಯೇ ಬರುವ ಎಲ್‌ಇಡಿಗಳಿವೆ. ಅದನ್ನು ಕೊಳ್ಳುವುದರಲ್ಲಿ ಸಂಕೋಚ ಏನೂ ಇಲ್ಲ.

ಅಡಾಪ್ಟರ್ ಎಷ್ಟು ಆಂಪಿಯರ್‌ದು ಬೇಕು?

60 ದೀಪ, ತಲಾ 5 ಮಿಲಿಆಂಪ್ ಅಂದರೆ 300 ಮಿಲಿಆಂಪ್. 1 ಆಂಪಿಯರ್ ಅಡಾಪ್ಟರ್ ಬೇಕಾದಷ್ಟಾಯಿತು. ದೊಡ್ಡದು ಬೇಕೆಂದು 10 ಆಂಪಿಯರ್‌ದು ತಂದಿಡಬೇಡಿ. ಕೂದಲಿನಷ್ಟು ತೆಳು ವೈರ್ ಶಾರ್ಟ್ ಆದರೆ ಅಷ್ಟೂ ಆಂಪಿಯರ್ ಅದರಲ್ಲೇ ಹರಿದು ವೈರ್ ಕೆಂಪಗೆ ಕಾಯುತ್ತದೆ, ಸುತ್ತ ಇರುವುದು ಒಣ ಹುಲ್ಲು, ಕಾಗದ, ಫೋಮ್. ದೀಪಗಳನ್ನು ಮೂರು ನಾಲ್ಕು ಗುಂಪು ಮಾಡಿ, ಒಂದೊಂದಕ್ಕೂ ಚಿಕ್ಕ ಫ್ಯೂಸ್ ಹಾಕಿ. ಇದನ್ನು ಆಮೇಲೆ ಮಾಡೋಣ ಅನ್ನಬೇಡಿ. ಬೋರ್ಡಿನ ಕೆಳಗೆ ಉದ್ದಕ್ಕೂ 1 ಚದರ ಮಿಲಿಮೀಟರ್ ದಪ್ಪದ ಎರಡು ವೈರ್ ಎಳೆದು, ಪ್ರತಿ ಮನೆಯ ತೆಳು ವೈರನ್ನು ಅದಕ್ಕೆ ಸೇರಿಸುವುದು ಅಚ್ಚುಕಟ್ಟು.

ಬೋಗಿಯ ದೀಪ ಮಿಣಿಮಿಣಿ ಅನ್ನುತ್ತದೆ, ನಿಲ್ಲಿಸುವುದು ಹೇಗೆ?

ಹಳಿಯ ಮೇಲಿನ ಧೂಳು, ಪಾಯಿಂಟ್‌ನ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಪ್ಲಾಸ್ಟಿಕ್ ತುಂಡು ದಾಟುವಾಗ ಚಕ್ರಕ್ಕೆ ಕರೆಂಟ್ ತಪ್ಪುತ್ತದೆ. ಮೊದಲು ಹಳಿ, ಚಕ್ರ ಒರೆಸಿ. ಆಮೇಲೆ ಬ್ರಿಡ್ಜ್ ರೆಕ್ಟಿಫೈಯರ್ (ಹಳಿಯ ಕರೆಂಟ್ ಯಾವ ದಿಕ್ಕಿನದಾದರೂ ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡ್) ಹಾಕಿ, ಅದರ ಹಿಂದೆ ಸ್ವಲ್ಪ ಹೊತ್ತು ಕರೆಂಟ್ ಕೂಡಿಡುವ, 25 ವೋಲ್ಟ್‌ನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಡಿಸಿಸಿ ಇದ್ದರೆ ಕೆಪಾಸಿಟರ್ ತುಂಬುವ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಬೇಕೇ ಬೇಕು, ಖಾಲಿಯಾಗುವ ದಾರಿಗೆ ಅದರ ಪಕ್ಕ ಒಂದು ಡಯೋಡ್. ಇಲ್ಲದಿದ್ದರೆ ಹತ್ತು ಬೋಗಿಯ ಕೆಪಾಸಿಟರ್‌ಗಳು ಒಟ್ಟಿಗೆ ತುಂಬಲು ಹೊರಟಾಗ ಬೂಸ್ಟರ್ ಅದನ್ನು ಶಾರ್ಟ್ ಅಂದುಕೊಂಡು ನಿಂತುಬಿಡುತ್ತದೆ.

ಇಂಜಿನ್ ಹೆಡ್‌ಲೈಟ್?

ಡಿಸಿಸಿ ಡಿಕೋಡರ್‌ನಲ್ಲಿ (ಇಂಜಿನ್ ಒಳಗೆ ಕೂತು ಆಜ್ಞೆ ಓದುವ ಚಿಕ್ಕ ಬೋರ್ಡ್) ನೀಲಿ ವೈರ್ ಎಲ್ಲದಕ್ಕೂ ಸಾಮಾನ್ಯ ಪ್ಲಸ್, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ರೆಸಿಸ್ಟರ್ ಮರೆಯಬೇಡಿ.

ಸಿಗ್ನಲ್‌ಗೆ ಬರೋಣ. ತೀರಾ ಸುಲಭವಾದದ್ದು ಯಾವುದು?

ಪಾಯಿಂಟ್ ಹೇಳಿದ ಹಾಗೆ ಕೇಳುವ ಎರಡು ಬಣ್ಣದ ಸಿಗ್ನಲ್. ಪಾಯಿಂಟ್ ಮೋಟರ್‌ಗಳಲ್ಲಿ ಹೆಚ್ಚಾಗಿ ಪಾಯಿಂಟ್ ಜೊತೆಗೇ ಬದಲಾಗುವ ಒಂದು ಸ್ವಿಚ್ ಇರುತ್ತದೆ. ಒಂದು ವೈರ್ ಒಳಗೆ, ಎರಡು ಹೊರಗೆ. ಒಂದನ್ನು ಕೆಂಪಿಗೆ, ಇನ್ನೊಂದನ್ನು ಹಸಿರಿಗೆ ಕೊಡಿ. ಪಾಯಿಂಟ್ ನೇರ ಇದ್ದರೆ ಹಸಿರು, ತಿರುಗಿದ್ದರೆ ಕೆಂಪು. ಕಂಪ್ಯೂಟರ್ ಬೇಡ, ಕೋಡ್ ಬೇಡ, ಒಂದು ಸಂಜೆಯ ಕೆಲಸ.

ಕೈಯಲ್ಲಿ ಒತ್ತುವ ಸ್ವಿಚ್‌ನಿಂದ ಬಣ್ಣ ಬದಲಿಸುವ ಸಿಗ್ನಲ್ ಇನ್ನೂ ಸುಲಭ, ಆದರೆ ಅದನ್ನು ನಾನು ಹೇಳುವುದಿಲ್ಲ. ರೈಲು ಓಡಿಸುವ ಖುಷಿಯಲ್ಲಿ ಸ್ವಿಚ್ ಒತ್ತಲು ಮರೆಯುತ್ತೇವೆ, ಕೆಂಪಿನ ಮುಂದೆಯೇ ರೈಲು ದಾಟಿ ಹೋಗುತ್ತದೆ. ಸುಳ್ಳು ಹೇಳುವ ಸಿಗ್ನಲ್ ನಿಲ್ಲಿಸುವುದಕ್ಕಿಂತ ಕಂಬ ನಿಲ್ಲಿಸದಿರುವುದೇ ವಾಸಿ. ಪಾಯಿಂಟ್‌ಗಾದರೂ ಸರಿ, ರೈಲಿಗಾದರೂ ಸರಿ, ಸಿಗ್ನಲ್ ಯಾವುದಾದರೊಂದು ನಿಜಕ್ಕೆ ಕಟ್ಟಿಕೊಂಡಿರಬೇಕು.

ಸಿಗ್ನಲ್ ಕೊಳ್ಳುವಾಗ ಏನು ನೋಡಬೇಕು?

ಕಾಮನ್ ಆನೋಡ್ ಹೌದಾ, ಕಾಮನ್ ಕ್ಯಾಥೋಡ್ ಹೌದಾ ಅನ್ನುವುದು. ಮೂರು ಎಲ್‌ಇಡಿಗಳ ಪ್ಲಸ್ ಒಂದಾಗಿದ್ದರೆ ಕಾಮನ್ ಆನೋಡ್, ಮೈನಸ್ ಒಂದಾಗಿದ್ದರೆ ಕ್ಯಾಥೋಡ್. ಸಿಗ್ನಲ್ ಓಡಿಸುವ ಬೋರ್ಡ್ ಯಾವುದಕ್ಕೆ ಹೊಂದುತ್ತದೋ ಅದೇ ಬೇಕು, ಎರಡನ್ನೂ ಬೆರೆಸಿ ಕೊಂಡರೆ ಆಮೇಲೆ ಪರದಾಟ. ಒಂದೊಂದು ಬಣ್ಣಕ್ಕೂ ಬೇರೆ ರೆಸಿಸ್ಟರ್ ಹಾಕಿ, ಯಾಕೆಂದರೆ ಒಂದೇ ಕರೆಂಟಿನಲ್ಲಿ ಹಸಿರು ಕೆಂಪಿಗಿಂತ ತುಂಬಾ ಜೋರಾಗಿ ಕಾಣುತ್ತದೆ. ಕಣ್ಣಿಗೆ ಮೂರೂ ಸಮ ಅನಿಸುವವರೆಗೆ ಹಸಿರಿನ ರೆಸಿಸ್ಟರ್ ಹೆಚ್ಚಿಸುತ್ತಾ ಹೋಗಿ.

ಅಳತೆಯನ್ನೂ ನೋಡಿ. ನಿಜವಾದ ಸಿಗ್ನಲ್‌ನ ಗಾಜು ಸುಮಾರು 200 ಮಿಲಿಮೀಟರ್ ಅಗಲ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ಅಲ್ಲಿ 3 ಮಿಲಿಮೀಟರ್ ಎಲ್‌ಇಡಿ 261 ಮಿಲಿಮೀಟರ್‌ಗೆ ಸಮ, ತಲೆ ದಪ್ಪಗೆ ಕಾಣುತ್ತದೆ. 2 ಮಿಲಿಮೀಟರ್‌ದು 174ಕ್ಕೆ ಸಮ, ಅದೇ ಚೆಂದ. ಎನ್ ಅಳತೆ 160ರಲ್ಲಿ ಒಂದು ಪಾಲು, ಅಲ್ಲಿ ಚಿಪ್ ಎಲ್‌ಇಡಿ ಬಿಟ್ಟು ಬೇರೆ ದಾರಿ ಇಲ್ಲ.

ರೈಲು ಬಂತು ಅಂತ ಸಿಗ್ನಲ್‌ಗೆ ಹೇಗೆ ಗೊತ್ತಾಗುತ್ತದೆ?

ಇದೇ ಈ ಕೆಲಸದ ತಿರುಳು. ಹಳಿಯನ್ನು ಬ್ಲಾಕ್‌ಗಳಾಗಿ ಒಡೆಯುತ್ತೇವೆ, ಅಂದರೆ ಹಳಿಯಲ್ಲಿ ಸಂದು ಕತ್ತರಿಸಿ ಕರೆಂಟ್ ಬೇರೆ ಮಾಡುತ್ತೇವೆ. ಒಂದು ಬ್ಲಾಕ್ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಲಿ. ಆಮೇಲೆ ಪ್ರತಿ ಬ್ಲಾಕ್‌ನಲ್ಲಿ ರೈಲು ಇದೆಯಾ ಇಲ್ಲವಾ ಅಂತ ಪತ್ತೆ ಮಾಡಬೇಕು. ಅದಕ್ಕೆ ದಾರಿಗಳು ಕೆಲವು ಇವೆ.

ಡಿಸಿಸಿಯಲ್ಲಿ ಎಲ್ಲರೂ ಹಿಡಿಯುವುದು ಕರೆಂಟ್ ಪತ್ತೆ. ಬ್ಲಾಕ್‌ನೊಳಗೆ ಇಂಜಿನ್ ಇದ್ದರೆ, ನಿಂತಿದ್ದರೂ, ಅದರ ಡಿಕೋಡರ್ ಸ್ವಲ್ಪ ಕರೆಂಟ್ ಎಳೆಯುತ್ತದೆ. ಬ್ಲಾಕ್‌ನ ವೈರನ್ನು ಚಿಕ್ಕ ಕರೆಂಟ್ ಟ್ರಾನ್ಸ್‌ಫಾರ್ಮರ್ ಒಳಗೆ ತೂರಿಸಿದರೆ ಅದು ಗೊತ್ತಾಗುತ್ತದೆ, ವೋಲ್ಟೇಜೂ ಕಡಿಮೆಯಾಗುವುದಿಲ್ಲ. ಡಯೋಡ್ ಇಟ್ಟು ಪತ್ತೆ ಮಾಡುವ ಬೋರ್ಡ್‌ಗಳೂ ಇವೆ, ಅದರಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಬರೀ ಬೋಗಿ ಕರೆಂಟ್ ಎಳೆಯುವುದಿಲ್ಲವಲ್ಲ, ಅದಕ್ಕೇ ಚಕ್ರದ ಅಚ್ಚಿಗೆ 10 ಕಿಲೋ ಓಮ್ ರೆಸಿಸ್ಟರ್ ಅಂಟಿಸುತ್ತಾರೆ. 15 ವೋಲ್ಟ್‌ಗೆ 1.5 ಮಿಲಿಆಂಪ್ ಹರಿಯುತ್ತದೆ. ಕೊನೆಯ ಬೋಗಿಗೆ ಇದನ್ನು ಖಂಡಿತ ಮಾಡಿ, ಇಂಜಿನ್ ದಾಟಿದ ಕೂಡಲೇ ಹಿಂದೆ ಬೋಗಿಗಳಿನ್ನೂ ಇರುವಾಗಲೇ ಹಸಿರು ಬಂದರೆ ಏನು ಪ್ರಯೋಜನ?

ಡಿಸಿ ಲೇಔಟ್‌ನಲ್ಲಿ ರೈಲು ನಿಂತಾಗ ಹಳಿಯಲ್ಲಿ ಕರೆಂಟೇ ಇರುವುದಿಲ್ಲ, ಹಾಗಾಗಿ ಅಲ್ಲಿ ಇನ್ಫ್ರಾರೆಡ್ ಕಣ್ಣು ಸುಲಭ. ಹಳಿಯ ಒಂದು ಪಕ್ಕ ಕಿರಣ ಬಿಡುವುದು, ಇನ್ನೊಂದು ಪಕ್ಕ ನೋಡುವುದು. ಸ್ವಲ್ಪ ಓರೆಯಾಗಿ ಇಟ್ಟರೆ ಎರಡು ಬೋಗಿಯ ನಡುವಿನ ಸಂದಿನಿಂದ ಕಿರಣ ತೂರಿಬರುವುದಿಲ್ಲ. ಹಳಿಯ ಕೆಳಗಿನಿಂದ ಪ್ರತಿಫಲನ ನೋಡುವ ಬಗೆಯೂ ಇದೆ, ಆದರೆ ಬೋಗಿಗಳ ಹೊಟ್ಟೆ ಕಪ್ಪಾಗಿದ್ದರೆ ಅದು ಎಡವುತ್ತದೆ. ಕಿಟಕಿಯಿಂದ ಬಿಸಿಲು ಬೀಳುವ ಕಡೆಯೂ ಅಷ್ಟೇ. ರೈಲಿನಡಿ ಆಯಸ್ಕಾಂತ, ಹಳಿಯಲ್ಲಿ ಅದು ಹತ್ತಿರ ಬಂದಾಗ ಬದಲಾಗುವ ರೀಡ್ ಸ್ವಿಚ್ ಅಗ್ಗ, ಆದರೆ ರೈಲು ಆ ಜಾಗ ದಾಟಿತು ಅಂತ ಮಾತ್ರ ಹೇಳುತ್ತದೆ, ಇನ್ನೂ ಅಲ್ಲೇ ಇದೆಯಾ ಅನ್ನುವುದನ್ನು ಹೇಳುವುದಿಲ್ಲ.

ನಿಜವಾದ ರೈಲ್ವೆ ಇದನ್ನು ಹೇಗೆ ಮಾಡಿತು ಅನ್ನುವುದು ನನಗೆ ಇವತ್ತಿಗೂ ಬೆರಗು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಬ್ಲಾಕ್‌ನ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ, ಅಂದರೆ ಕರೆಂಟಿನಿಂದ ಎಳೆದು ಹಿಡಿಯುವ ಸ್ವಿಚ್. ಹಳಿಯ ಮೂಲಕ ಕರೆಂಟ್ ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದರೆ ಅದರ ಅಚ್ಚು ಎರಡು ಹಳಿಯನ್ನೂ ಸೇರಿಸಿಬಿಡುತ್ತದೆ, ರಿಲೇಗೆ ಕರೆಂಟ್ ತಪ್ಪಿ ಅದು ಬೀಳುತ್ತದೆ, ಕೆಂಪು. ಬ್ಯಾಟರಿ ಸತ್ತರೂ ಕೆಂಪು, ವೈರ್ ಕಳಚಿದರೂ ಕೆಂಪು, ಹಳಿ ಮುರಿದರೂ ಹೆಚ್ಚಾಗಿ ಕೆಂಪೇ. ಕೆಟ್ಟರೆ ಸುರಕ್ಷಿತ ಕಡೆಗೇ ಕೆಡಬೇಕು ಅನ್ನುವ ಲೆಕ್ಕ.

ನಮ್ಮ ಕರೆಂಟ್ ಪತ್ತೆ ಇದಕ್ಕೆ ತದ್ವಿರುದ್ಧ. ಕರೆಂಟ್ ಹರಿದರೆ ರೈಲಿದೆ ಅಂತ ಅರ್ಥ, ವೈರ್ ಕಳಚಿದರೆ ರೈಲಿಲ್ಲ ಅಂದುಕೊಂಡು ಹಸಿರು ತೋರಿಸುತ್ತದೆ. ಅದಕ್ಕೇ ಓಡಿಸುವ ಮೊದಲು ರೆಸಿಸ್ಟರ್ ಇರುವ ಒಂದು ಬೋಗಿಯನ್ನು ಕೈಯಲ್ಲಿ ಎಲ್ಲಾ ಬ್ಲಾಕ್‌ಗೂ ತಳ್ಳಿ ನೋಡಿ. ಅಡ್ಡ ಕಿರಣದ ಕಣ್ಣು ಈ ವಿಷಯದಲ್ಲಿ ಮೇಲು, ಕಿರಣ ಬಿಡುವ ಎಲ್‌ಇಡಿ ಸತ್ತರೆ ರೈಲಿದೆ ಅಂತಲೇ ಲೆಕ್ಕ ಹಾಕುತ್ತದೆ.

ಮೂರು ಬಣ್ಣದ ಲೆಕ್ಕ ಹೇಗೆ?

ಸಿಗ್ನಲ್‌ನ ಮುಂದಿನ ಬ್ಲಾಕ್‌ನಲ್ಲಿ ರೈಲಿದ್ದರೆ ಕೆಂಪು. ಅದು ಖಾಲಿ, ಅದರಾಚೆಯದ್ದರಲ್ಲಿ ರೈಲಿದ್ದರೆ ಹಳದಿ. ಎರಡೂ ಖಾಲಿ ಇದ್ದರೆ ಹಸಿರು. ಭಾರತ, ಬ್ರಿಟನ್‌ನಂಥ ಕಡೆ ಹಳದಿಗೂ ಹಸಿರಿಗೂ ನಡುವೆ ಎರಡು ಹಳದಿ ಒಟ್ಟಿಗೆ ಉರಿಯುವ ಇನ್ನೊಂದು ಹಂತವಿದೆ, ಅದಕ್ಕೆ ಮೂರನೇ ಬ್ಲಾಕನ್ನೂ ನೋಡಬೇಕು. ಯಾವ ದೇಶದ, ಯಾವ ಕಾಲದ ರೈಲ್ವೆ ಮಾಡುತ್ತಿದ್ದೀರೋ ಅದರ ನಿಯಮ ಹಿಡಿಯಿರಿ. ತುಂಬಾ ಹಳೇ ಕಾಲವಾದರೆ ಬಿಳಿ ಅಂದರೆ ಹೋಗಬಹುದು, ಹಸಿರು ಅಂದರೆ ಎಚ್ಚರ ಅಂತ ಇತ್ತು. ಕೆಂಪು ಗಾಜು ಒಡೆದರೆ ಬಿಳಿ ಕಾಣುತ್ತದೆ, ಅದು ಅಪಾಯ ಅಂತ ಆಮೇಲೆ ಬದಲಾಯಿತು.

ಆರ್ಡುಯಿನೊ ಬೇಕೇ ಬೇಕಾ?

ಎರಡು ಮೂರು ಸಿಗ್ನಲ್‌ಗೆ ರಿಲೇ ಸಾಕು. ಅದಕ್ಕಿಂತ ಜಾಸ್ತಿಯಾದರೆ ಆರ್ಡುಯಿನೊ, ಅಂದರೆ ಕೋಡ್ ಬರೆದು ನಡೆಸುವ ಚಿಕ್ಕ ಕಂಪ್ಯೂಟರ್ ಬೋರ್ಡ್, ನಿಮ್ಮ ವೈರ್ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ. ಅದರ ಊನೊ ಮಾದರಿಯಲ್ಲಿ 14 ಡಿಜಿಟಲ್, 6 ಅನಲಾಗ್ ಪಿನ್ ಇವೆ. ಒಂದು ಪಿನ್‌ನಿಂದ 20 ಮಿಲಿಆಂಪ್ ದಾಟಿಸಬೇಡಿ. 5 ವೋಲ್ಟ್ ಅಂದ ಮೇಲೆ ರೆಸಿಸ್ಟರ್ ಲೆಕ್ಕವನ್ನು ಮತ್ತೆ ಮಾಡಿ. ಸಿಗ್ನಲ್ ತುಂಬಾ ಇದ್ದರೆ ಡಬ್ಲ್ಯುಎಸ್2811 ಚಿಪ್ ನೋಡಿ, ಒಂದು ಚಿಪ್ ಮೂರು ಎಲ್‌ಇಡಿ ನಡೆಸುತ್ತದೆ, ಒಂದೇ ಡೇಟಾ ವೈರ್ ಚಿಪ್‌ನಿಂದ ಚಿಪ್‌ಗೆ ಹೋಗುತ್ತದೆ. ಕಾಮನ್ ಆನೋಡ್ ಸಿಗ್ನಲ್‌ಗೆ ಮಾತ್ರ. ಕಂಪ್ಯೂಟರ್ ಜೋಡಿಸುವವರಿಗೆ ಜೆಎಂಆರ್‌ಐ ಅನ್ನುವ ಮಾದರಿ ರೈಲು ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಸಿಗ್ನಲ್ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಕೋಡ್ ಬರೆಯುವಾಗ ಎರಡು ಮಾತು. ಬೋರ್ಡ್ ಆನ್ ಆದ ಕ್ಷಣ ಎಲ್ಲಾ ಸಿಗ್ನಲ್ ಕೆಂಪಿನಲ್ಲಿ ಶುರುವಾಗಲಿ. ಬಣ್ಣ ಬದಲಾಗುವಾಗ ಹಳೆಯದನ್ನು ಕಾಲು ಸೆಕೆಂಡಿನಲ್ಲಿ ಆರಿಸುತ್ತಾ ಹೊಸದನ್ನು ಏರಿಸಿ. ತಂತಿ ಬಲ್ಬ್ ಇದ್ದ ಕಾಲದ ಸಿಗ್ನಲ್ ಹಾಗೇ ಬದಲಾಗುತ್ತಿತ್ತು.

ಕೈಮರ ಸಿಗ್ನಲ್‌ನ ಕೈ ಅಲ್ಲಾಡಿಸಬಹುದಾ?

ಖಂಡಿತ, ಚಿಕ್ಕ ಸರ್ವೋ ಮೋಟರ್‌ನಿಂದ. ಬೋರ್ಡಿನ ಕೆಳಗೆ ಸರ್ವೋ, ಮೇಲಕ್ಕೆ ತೆಳು ಉಕ್ಕಿನ ತಂತಿ. ಕೈ ನಿಧಾನವಾಗಿ ಇಳಿದು ಕೊನೆಯಲ್ಲಿ ಒಂದು ಸಲ ಚೂರು ಪುಟಿಯುವ ಹಾಗೆ ಕೋಡ್ ಬರೆದರೆ ನೋಡಿದವರು ಬಿಡುವುದಿಲ್ಲ. ದೀಪದ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ನಿಜವಾದ ಕೈಮರದ ಹಸಿರು ಗಾಜು ನೀಲಿ ಛಾಯೆಯದ್ದು. ಹಿಂದೆ ಇದ್ದ ಎಣ್ಣೆ ದೀಪದ ಹಳದಿ ಬೆಳಕು ಅದರಲ್ಲಿ ಹಾದು ಹಸಿರಾಗುತ್ತಿತ್ತು. ಹಿಂದೆ ತಣ್ಣನೆಯ ಬಿಳಿ ಎಲ್‌ಇಡಿ ಇಟ್ಟರೆ ಸಿಗ್ನಲ್ ನೀಲಿಯಾಗುತ್ತದೆ, ವಾರ್ಮ್ ವೈಟ್ ಇಡಿ.

ಲೆವೆಲ್ ಕ್ರಾಸಿಂಗ್‌ನ ಮಿನುಗು ದೀಪ?

ಒಂದು 555 ಟೈಮರ್ ಚಿಪ್ ಸಾಕು, ಎರಡು ಕೆಂಪು ಸರದಿಯಲ್ಲಿ ಉರಿಯುತ್ತವೆ. ವೇಗ ಮಾತ್ರ ನೋಡಿಕೊಳ್ಳಿ. ಅಮೆರಿಕದ ನಿಯಮದಲ್ಲಿ ಒಂದೊಂದು ದೀಪ ನಿಮಿಷಕ್ಕೆ 35ರಿಂದ 65 ಸಲ ಮಿನುಗಬೇಕು. ಅದಕ್ಕಿಂತ ಬೇಗ ಮಿನುಗಿದರೆ ಆಟಿಕೆಯಂತೆ ಕಾಣುತ್ತದೆ.

ಎಲ್ಲ ಜೋಡಿಸಿದೆ, ದೀಪ ಉರಿಯುತ್ತಿಲ್ಲ!

ಎಲ್‌ಇಡಿ ಉಲ್ಟಾ ಇದೆಯಾ ನೋಡಿ, ಹೆಚ್ಚಾಗಿ ಅದೇ. ಉದ್ದ ಕಾಲು ಪ್ಲಸ್, ಅಂಚು ಚಪ್ಪಟೆ ಇರುವ ಕಡೆ ಮೈನಸ್. ಆಮೇಲೆ ಮಲ್ಟಿಮೀಟರ್ ಹಿಡಿದು ಅಡಾಪ್ಟರ್‌ನಿಂದ ದೀಪದ ಕಡೆಗೆ ಒಂದೊಂದೇ ಜೋಡಣೆ ನೋಡುತ್ತಾ ಬನ್ನಿ, 12 ವೋಲ್ಟ್ ಎಲ್ಲಿ ಮಾಯವಾಯಿತೋ ತೊಂದರೆ ಅದರ ಹಿಂದೆಯೇ ಇದೆ. ಎನಾಮಲ್ ವೈರ್ ಆದರೆ ತುದಿಯ ಲೇಪ ಪೂರ್ತಿ ಸುಟ್ಟಿಲ್ಲದೆ ಸೋಲ್ಡರ್ ಬರೀ ಮೇಲೆ ಕೂತಿರಬಹುದು. ನನ್ನ ಲೇಔಟ್‌ನಲ್ಲಿ ಸುರಂಗದ ಬಾಯಿಯ ಸಿಗ್ನಲ್ ಎರಡು ವಾರ ಸತ್ತಿತ್ತು, ಕಾರಣ ಇಷ್ಟೇ ಆಗಿತ್ತು. ಗುಡ್ಡ ಕಟ್ಟಿಯಾಗಿದ್ದರಿಂದ ಒಂದು ಸೋಲ್ಡರ್‌ಗಾಗಿ ಅರ್ಧ ಗುಡ್ಡ ಕೆಡವಬೇಕಾಯಿತು.

ಹಾಗಾಗಿ ಪ್ಲಾಸ್ಟರ್ ಮೆತ್ತುವ ಮೊದಲು ಪ್ರತಿ ದೀಪವನ್ನೂ ಒಂದು ರಾತ್ರಿ ಪೂರ್ತಿ ಉರಿಸಿ. ಸಿಗ್ನಲ್ ಕಂಬಕ್ಕೆ ಬೋರ್ಡಿನ ಕೆಳಗೆ ಬಿಚ್ಚಿ ಹಾಕುವ ಪ್ಲಗ್ ಕೊಡಿ, ಒಂದಲ್ಲ ಒಂದು ದಿನ ಅಂಗಿಯ ತೋಳು ತಗುಲಿ ಅದು ಮುರಿಯುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ, ಯಾವ ಬಣ್ಣದ ವೈರ್ ಯಾವುದಕ್ಕೆ ಅನ್ನುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಲೇಔಟ್ ಕೆಳಗೇ ನೇತುಹಾಕಿ.